ಒಂದೆರಡು ಮಿಲಿಮೀಟರಿನ ಲೆಕ್ಕ

ನಿಮಿಷಕ್ಕೆ 10,000 ಸುತ್ತು ತಿರುಗುವ ನಾಲ್ಕು ಸ್ಟ್ರೋಕ್ ಎಂಜಿನ್ನಿನಲ್ಲಿ ಒಂದೊಂದು ವಾಲ್ವೂ ಸೆಕೆಂಡಿಗೆ ಸುಮಾರು 83 ಸಲ ತೆರೆದು ಮುಚ್ಚುತ್ತದೆ. ಅದಕ್ಕೂ ಮೇಲೇರಿ ಬರುವ ಪಿಸ್ಟನ್‌ಗೂ ನಡುವೆ ಉಳಿಯುವ ಜಾಗ ಒಂದೆರಡು ಮಿಲಿಮೀಟರ್ ಅಷ್ಟೇ. ಮೈಸೂರಿನ ಹಳೆಯ ಯೆಜ್ಡಿಯಂಥ ಎರಡು ಸ್ಟ್ರೋಕ್ ಬೈಕುಗಳಿಗೆ ವಾಲ್ವ್ ಪಿಸ್ಟನ್‌ಗೆ ತಾಗೀತೆಂಬ ಈ ತಲೆನೋವೇ ಇರಲಿಲ್ಲ. ಅವುಗಳಲ್ಲಿ ಇಂಥ ವಾಲ್ವೇ ಇಲ್ಲ.

ಕಂಪನಿಯಿಂದ ಬಂದ ಎಂಜಿನ್ನಿನಲ್ಲಿ ಈ ಲೆಕ್ಕ ಮೊದಲೇ ಆಗಿರುತ್ತದೆ. ರೇಸಿಗೆಂದು ಹೆಚ್ಚು ಲಿಫ್ಟಿನ (ವಾಲ್ವನ್ನು ಹೆಚ್ಚು ತೆರೆಯುವ) ಕ್ಯಾಮ್ ಕೂರಿಸಿ, ಹೆಡ್ ತುಸು ಹೆರೆಸಿ, ತೆಳು ಗ್ಯಾಸ್ಕೆಟ್ ಹಾಕಿದರೆ ಅದೆಲ್ಲ ತಲೆಕೆಳಗು. ಆಗ ನೆರವಿಗೆ ಬರುವುದು ಮಕ್ಕಳು ಆಡುವ ಕ್ಲೇ!

ಪಿಸ್ಟನ್ ತಲೆಯ ವಾಲ್ವ್ ಗುಳಿಗಳಲ್ಲಿ ಅದನ್ನು ಒತ್ತಿ, ಅಂಟದಂತೆ ಎಣ್ಣೆ ಸವರಿ, ಹೆಡ್ ಬಿಗಿದು, ಕ್ರ್ಯಾಂಕನ್ನು ಕೈಯಿಂದಲೇ ನಿಧಾನವಾಗಿ ಪೂರ್ತಿ ಎರಡು ಸುತ್ತು ತಿರುಗಿಸುತ್ತಾರೆ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕುವಂತಿಲ್ಲ. ಹೆಡ್ ಬಿಚ್ಚಿದಾಗ ಕ್ಲೇ ಮೇಲೆ ವಾಲ್ವಿನ ಅಂಚು ಅಚ್ಚೊತ್ತಿರುತ್ತದೆ. ಬ್ಲೇಡಿನಿಂದ ಸೀಳಿ, ತೀರಾ ತೆಳುವಾದ ಕಡೆ ವರ್ನಿಯರ್ ಹಿಡಿದರೆ ಅಂತರ ಸಿಕ್ಕಿತು.

ಎಕ್ಸಾಸ್ಟ್ ವಾಲ್ವಿನ ಕಡೆಗೆ ಸಾಮಾನ್ಯವಾಗಿ ಹೆಚ್ಚು ಜಾಗ ಬಿಡುತ್ತಾರೆ. ಕಾರಣ, ಮುಚ್ಚುತ್ತಿರುವ ಆ ವಾಲ್ವನ್ನು ಪಿಸ್ಟನ್ ಬೆನ್ನಟ್ಟಿ ಬರುತ್ತದೆ. ವೇಗ ಮಿತಿಮೀರಿ ಸ್ಪ್ರಿಂಗ್ ಸೋತರೆ ವಾಲ್ವ್ ಮುಚ್ಚಲು ತಡವಾಗುತ್ತದೆ. ಕಾದಾಗ ಅದು ಉದ್ದವೂ ಆಗುತ್ತದೆ. ಡುಕಾಟಿಯ ಎಂಜಿನಿಯರ್ ಫಾಬಿಯೊ ತಾಲ್ಯೋನಿ 1956ರಲ್ಲಿ 125 ಸಿಸಿ ರೇಸ್ ಬೈಕಿಗೆ ವಾಲ್ವ್ ಮುಚ್ಚಲೂ ಕ್ಯಾಮನ್ನೇ ಬಳಸಿದ್ದು ಸ್ಪ್ರಿಂಗಿನ ಈ ದೌರ್ಬಲ್ಯ ಮೀರಲೆಂದೇ.

ಅಂತರ ಸಾಲದಿದ್ದರೆ ಗುಳಿಯನ್ನು ಆಳ ಮಾಡಿಸಬೇಕು, ಇಲ್ಲವೇ ಕ್ಯಾಮ್ ಟೈಮಿಂಗ್ ಸರಿಸಬೇಕು. ಆಮೇಲೆ ಹೊಸ ಕ್ಲೇ ಹಾಕಿ ಮತ್ತೆ ಅಳತೆ.