ಅಜ್ಜಿಯ ತವರು ಎಲ್ಲಿ?

ಮುರ್ಡೇಶ್ವರವೆಂಬುದು ಊರು ಮಾತ್ರವಲ್ಲ, ಅಡ್ಡಹೆಸರೂ ಹೌದು. ಕೊಳಲುವಾದಕ ದೇವೇಂದ್ರ ಮುರ್ಡೇಶ್ವರರನ್ನು ಸಂಗೀತಪ್ರಿಯರು ಬಲ್ಲರು. ಊರನ್ನೇ ಹೆಸರಾಗಿ ಹೊತ್ತವರು ಚಿತ್ರಾಪುರ ಸಾರಸ್ವತರಲ್ಲಿ ಬಹಳ. ಸಮೀಪದ ಶಿರಾಲಿಯ ಮಠಕ್ಕೆ ನಡೆದುಕೊಳ್ಳುವ ಈ ಸಣ್ಣ ಸಮಾಜದ 1700ರಿಂದ 1935ರವರೆಗಿನ ಚರಿತ್ರೆಯನ್ನು ಅಮೆರಿಕದ ಫ್ರಾಂಕ್ ಕಾನ್ಲನ್ ಇಂಗ್ಲಿಷಿನಲ್ಲಿ ಬರೆದು 1977ರಲ್ಲಿ ಪ್ರಕಟಿಸಿದರು. ಶಾನುಭೋಗಿಕೆಯಿಂದ ಮುಂಬಯಿಯ ಕಚೇರಿಗಳಿಗೆ ಹೋದವರ ಜಾಡನ್ನು ತಾಳ್ಮೆಯಿಂದ ಹಿಡಿದ ಗ್ರಂಥ. ಸಮಾಜದ ಚರಿತ್ರೆಗೆ ಇಷ್ಟು ಸಾಕು. ನೆಂಟರನ್ನು ಹುಡುಕಹೊರಟವರಿಗೆ ಸಾಲದೆಂದು ನನಗೆ ತೋರುತ್ತದೆ. ಮದುವೆಯಲ್ಲಿ ವಧುವಿಗೆ ಅಡ್ಡಹೆಸರಷ್ಟೇ ಅಲ್ಲ, ಇಟ್ಟ ಹೆಸರೂ ಬದಲಾಗುತ್ತಿದ್ದ ಮನೆಗಳಿವು. ವಂಶಾವಳಿ ಹಿಡಿದರೆ ಅಜ್ಜನಿಂದ ಮುತ್ತಜ್ಜನಿಗೆ ದಾರಿಯುಂಟು, ದಾಯಾದಿಗಳೂ ಸಿಕ್ಕಾರು. ಅಜ್ಜಿಯ ತವರಿಗೆ? ಎರಡು ಮನೆಯವರು ತಂತಮ್ಮ ಹಳೆಯ ಕಾಗದಗಳನ್ನು ಒಟ್ಟಿಗೆ ಹರಡಿ ಕುಳಿತರೆ ಮಾತ್ರ, ಆ ಮನೆಯ ಮಗಳೂ ಈ ಮನೆಯ ಸೊಸೆಯೂ ಒಬ್ಬಳೇ ಎಂದು ತಿಳಿದೀತು.