ತೊಗಲಿನ ಹನುಮನೂ ಗೆರೆಯ ವೂಕಾಂಗನೂ

ಅರ್ಲಾಂಗನೆಂಬ ದೇವಸೇನಾನಿಗೂ ಸುನ್ ವೂಕಾಂಗನೆಂಬ ಕಪಿವೀರನಿಗೂ ನಡೆದ ರೂಪಾಂತರಯುದ್ಧವನ್ನು ಕುರಿತು ಈ ವಾರ ಬರೆಯುವೆನೆಂದು ವಾಚಕರಿಗೆ ಮಾತು ಕೊಟ್ಟಿದ್ದೆನಷ್ಟೆ. ಆ ಪ್ರಸಂಗಕ್ಕೆ ಬರುವ ಮುನ್ನ, ಈ ಅಂಕಣದ ಹಳೆಯ ಪ್ರತಿಪಕ್ಷದವರಿಗೆ ಉತ್ತರವೊಂದು ಬಾಕಿಯಿದೆ. ಆ ಯುದ್ಧವುಳ್ಳ 'ಸ್ವರ್ಗದಲ್ಲಿ ಕೋಲಾಹಲ' ಎಂಬ ಚೀನೀ ಆನಿಮೇಷನ್ ಚಿತ್ರದ ಮೂಲಪ್ರತಿಯಲ್ಲಿ ಆಕೃತಿಗಳೆಲ್ಲ ಚಪ್ಪಟೆಯಾಗಿ ನಿಸ್ಸತ್ವವಾಗಿ ತೋರುವುದರಿಂದ, 2012ರಲ್ಲಿ ಅದೇ ಚಿತ್ರವನ್ನು ಮೊಟಕುಗೊಳಿಸಿ, ಚೌಕವನ್ನು ಅಗಲವಾಗಿಸಿ, ತ್ರೀಡಿ ಲೇಪವನ್ನು ಬಳಿದು ಬಿಡುಗಡೆ ಮಾಡಿದ ಆವೃತ್ತಿಯನ್ನೇ ಮಕ್ಕಳಿಗೆ ತೋರಿಸತಕ್ಕದ್ದೆಂದು ವಾದಿಸುವ ಪಂಥವೊಂದು ನಮ್ಮ ಚಿತ್ರಪ್ರೇಮಿಗಳಲ್ಲಿ ಬೇರುಬಿಟ್ಟಿದೆ. ಉಬ್ಬುತಗ್ಗುಗಳಿಲ್ಲದೆ ಜೀವವಿಲ್ಲ, ನೆರಳಿನ ಛಾಯೆಯಿಲ್ಲದೆ ಶರೀರವಿಲ್ಲ ಎಂಬುದು ಅವರ ಸಿದ್ಧಾಂತ. ಈ ಸಿದ್ಧಾಂತವನ್ನು ನಾನು ಒಪ್ಪಿದವನಲ್ಲ, ಒಪ್ಪುವವನೂ ಅಲ್ಲ.

ಚಿತ್ರದ ಪರದೆಯು ಸ್ವಭಾವತಃ ಸಮತಲವಾದುದು. ಆ ಸಮತಲವನ್ನು ಮರೆಮಾಚಲು ಹೆಣಗದೆ, ಅದನ್ನೇ ತನ್ನ ರಂಗಸ್ಥಲವೆಂದು ಅಂಗೀಕರಿಸಿದ ಕಲೆಯಲ್ಲಿ ಮಾತ್ರವೇ ಪುರಾಣದ ಪಾತ್ರಗಳು ಕಾಲೂರಿ ನಿಲ್ಲುವವು ಎಂಬುದಕ್ಕೆ ಆ ಚಿತ್ರದ ನಿರ್ದೇಶಕರಾದ ವಾನ್ ಲೈಮಿಂಗರ ಜೀವಿತಕ್ಕಿಂತ ಪ್ರಬಲವಾದ ಪ್ರಮಾಣವನ್ನು ನಾನು ಕಾಣೆ. 1900ರಲ್ಲಿ ನಾನ್‌ಜಿಂಗ್ ನಗರದಲ್ಲಿ ಅವಳಿಗಳಾಗಿ ಜನಿಸಿದ ಅವರೂ ಅವರ ಸೋದರ ವಾನ್ ಗೂಚಾನರೂ, ಡಿಸ್ನಿಯವರ 'ಸ್ನೋ ವೈಟ್' ಚಿತ್ರವನ್ನು ಕಂಡು ಉತ್ಸಾಹಿತರಾಗಿ, ಯುದ್ಧದ ಸಂಕಟದಲ್ಲಿದ್ದ ಶಾಂಘೈಯಲ್ಲಿ 1941ರಲ್ಲಿ ವೂಕಾಂಗನದೇ ಕಥೆಯಾದ 'ಕಬ್ಬಿಣದ ಬೀಸಣಿಗೆಯ ರಾಜಕುಮಾರಿ'ಯನ್ನು ಹೊರತಂದರು. ಚೀನದ ಪ್ರಥಮ ಪೂರ್ಣಾವಧಿ ಆನಿಮೇಷನ್ ಚಿತ್ರವೆಂಬ ಕೀರ್ತಿ ಅದರದು. ಅದು ಜಪಾನಿಗೂ ಹೋಯಿತು. ಅಲ್ಲಿ ಅದನ್ನು ನೋಡಿದ ಹುಡುಗರಲ್ಲೊಬ್ಬನು ಮುಂದೆ ಒಸಾಮು ತೆಜುಕಾ ಎಂಬ ಹೆಸರಿನಿಂದ ಆ ದೇಶದ ಚಿತ್ರಕಥೆಗಳಿಗೆ ಆಚಾರ್ಯಸ್ಥಾನದಲ್ಲಿ ನಿಂತನು. ಆದರೂ ಆ ಚಿತ್ರದ ಹಲವು ದೃಶ್ಯಗಳಲ್ಲಿ ನಿಜವಾದ ನಟರನ್ನು ಮೊದಲು ಕ್ಯಾಮೆರಾದಲ್ಲಿ ಹಿಡಿದು, ಆ ಬಿಂಬದ ಮೇಲೆ ಗೆರೆಯೆಳೆದು ಪಾತ್ರಗಳನ್ನು ಚಲಿಸುವಂತೆ ಮಾಡಿರುವುದರಿಂದ, ಕೈಕಾಲುಗಳೇನೋ ಮನುಷ್ಯರಂತೆಯೇ ಆಡುವವು, ಮುಖಗಳಲ್ಲಿ ಮಾತ್ರ ನಿದ್ರಾವಸ್ಥೆಯ ಮಬ್ಬು ಕವಿದಿರುವುದು. ದೇಹವನ್ನು ನಕಲಿಸಿದ ಗೆರೆಯು ದೇಹಕ್ಕೆ ಊಳಿಗಮಾಡಿತೇ ಹೊರತು ಪಾತ್ರವನ್ನು ಸೃಷ್ಟಿಸಲಿಲ್ಲ.

ಅದೇ ಮನುಷ್ಯ, ಅದೇ ಕಪಿ, ಇಪ್ಪತ್ತು ವರ್ಷಗಳ ಅಂತರ. 1961ರಲ್ಲಿ ಪೂರ್ವಾರ್ಧವೂ 1964ರಲ್ಲಿ ಉತ್ತರಾರ್ಧವೂ ಸಿದ್ಧವಾದ 'ಸ್ವರ್ಗದಲ್ಲಿ ಕೋಲಾಹಲ'ದಲ್ಲಿ ವಾನ್ ಲೈಮಿಂಗರು ನಟನ ಮಾಂಸಖಂಡಗಳನ್ನು ಬಿಟ್ಟು, ಪೀಕಿಂಗ್ ನಾಟಕದ ಮುಖವರ್ಣಿಕೆಯನ್ನೂ, ಹೊಸವರ್ಷಕ್ಕೆಂದು ಮನೆಗಳಲ್ಲಿ ಅಂಟಿಸುವ ಜಾನಪದ ಪಟಗಳನ್ನೂ, ದ್ವಾರದೇವತೆಗಳನ್ನೂ ಆಶ್ರಯಿಸಿದರು. ಪಾತ್ರಗಳ ರೂಪವಿನ್ಯಾಸವು ಝಾಂಗ್ ಗ್ವಾಂಗ್‌ಯೂ ಎಂಬ ಮಹಾಚಿತ್ರಕಾರರದು. ಹಳದಿಯ ಅಂಗಿ, ಕೆಂಪು ಚಲ್ಲಣ, ಕೊರಳಿಗೆ ಹಸಿರು ವಸ್ತ್ರ, ಸೊಂಟಕ್ಕೆ ಹುಲಿದೊಗಲು: ಇಷ್ಟೇ ಬಣ್ಣಗಳಲ್ಲಿ, ಛಾಯೆಯ ಹಂಗಿಲ್ಲದ ಗೆರೆಯಲ್ಲಿ ವೂಕಾಂಗನು ನಿಂತನೆಂದರೆ, ತಾಳ ಮತ್ತು ಜಾಗಟೆಗಳ ಪೆಟ್ಟಿಗೆ ಸರಿಯಾಗಿ ಅವನ ರೆಪ್ಪೆ ಅಲುಗಿತೆಂದರೆ, ಅವನಿಗೆ ಭಾರವಿಲ್ಲವೆಂದು ದೂರುವ ಧೈರ್ಯ ಯಾರಿಗಿದ್ದೀತು? ಸಾಂಸ್ಕೃತಿಕ ಕ್ರಾಂತಿಯ ವರ್ಷಗಳಲ್ಲಿ ಈ ಚಿತ್ರವು ಕತ್ತಲೆಕೋಣೆಯನ್ನು ಸೇರಿತು. 1978ರಲ್ಲಿ ಲಂಡನ್ ಚಿತ್ರೋತ್ಸವದಲ್ಲಿ ಅದಕ್ಕೆ ಮನ್ನಣೆ ದೊರೆತಾಗ, ವಾನ್ ಲೈಮಿಂಗರು ವೃದ್ಧಾಪ್ಯವನ್ನು ಮುಟ್ಟಿದ್ದರು.

ಇನ್ನು ರೂಪಾಂತರಯುದ್ಧ. ಸ್ವರ್ಗದ ಪೀಚ್ ಹಣ್ಣುಗಳನ್ನು ತಿಂದು, ಔತಣದ ಮದಿರೆಯನ್ನು ಕುಡಿದು, ಲಾವೋಜಿಯ ಅಮೃತಗುಳಿಗೆಗಳನ್ನೂ ನುಂಗಿ ತನ್ನ ಪರ್ವತಕ್ಕೆ ಹಿಂದಿರುಗಿದ ವೂಕಾಂಗನನ್ನು ಹಿಡಿಯಲು ಮೂರು ಕಣ್ಣಿನ ಅರ್ಲಾಂಗನು ಬರುತ್ತಾನೆ. ಕಪಿಯು ಒಂದು ಪ್ರಾಣಿಯಾದರೆ ಇವನು ಅದನ್ನು ಬೇಟೆಯಾಡುವ ಇನ್ನೊಂದು ಪ್ರಾಣಿಯಾಗುವನು. ಹೀಗೆ ಬೆನ್ನಟ್ಟುತ್ತ ಬೆನ್ನಟ್ಟುತ್ತ, ಬೇರೆ ದಾರಿಗಾಣದೆ ಕಪಿಯು ಒಂದು ಗುಡಿಯಾಗಿಬಿಡುತ್ತಾನೆ. ಬಾಯಿಯು ಬಾಗಿಲಾಯಿತು, ಕಣ್ಣುಗಳು ಕಿಟಕಿಗಳಾದುವು. ಬಾಲವನ್ನು ಎಲ್ಲಿ ಅಡಗಿಸುವುದು? ಅದನ್ನು ಧ್ವಜಸ್ತಂಭವಾಗಿ ಗುಡಿಯ ಹಿಂಭಾಗದಲ್ಲಿ ನೆಟ್ಟನು. ಬಳ್ಳಾರಿಯ ಬ್ರೂಸ್‌ಪೇಟೆಯ ನಮ್ಮ ಮಾಳಿಗೆಯ ಮೇಲೆ ನೆರೆಹೊರೆಯ ಮಕ್ಕಳಿಗೆ ಇದನ್ನು ತೋರಿಸಿದಾಗ, ಒಬ್ಬ ಬಾಲಕಿಯು ಅರ್ಲಾಂಗನಿಗಿಂತ ಮೊದಲೇ ಗುಟ್ಟನ್ನು ಕಂಡುಹಿಡಿದು, "ಎಲ್ಲೆರ ಗುಡಿ ಹಿಂದ ಧ್ವಜಗಂಬ ಇರ್ತೈತೇನಜ್ಜಾ?" ಎಂದು ಕೂಗಿದಳು. ಚೀನೀ ಶಿಲ್ಪಿಯು ಬಲ್ಲ ಶಾಸ್ತ್ರವನ್ನು ಬಳ್ಳಾರಿಯ ಕೂಸೂ ಬಲ್ಲುದು. ತ್ರೀಡಿ ಪಂಥದವರು ವಿಚಾರಿಸಬೇಕಾದ ಸಂಗತಿಯಿಷ್ಟೆ: ಕಪಿಯು ಗುಡಿಯಾಗುವುದೂ, ಗುಡಿಯು ಕಪಿಯಾಗುವುದೂ ಸಾಧ್ಯವಾದುದು ಎರಡೂ ಗೆರೆಗಳೇ ಆಗಿರುವುದರಿಂದ. ಗೆರೆಯು ಗೆರೆಯಾಗಿ ಮಾರ್ಪಡಲು ಕ್ಷಣವೂ ಬೇಡ. ತೊಗಲು, ರೋಮ, ನೆರಳುಗಳಿಂದ ತುಂಬಿದ ಘನಾಕೃತಿಯು ಮಾರ್ಪಡಹೊರಟರೆ ಕಣ್ಣು ಅದರ ಯಂತ್ರವನ್ನೇ ನೋಡುತ್ತ ಕುಳಿತುಬಿಡುತ್ತದೆ.

ಈ ಯುದ್ಧದ ಉಳಿದ ಘಟ್ಟಗಳನ್ನು ಮುಂದಿನ ವಾರಕ್ಕೆ ಬಿಡುತ್ತೇನೆ. ಏಕೆಂದರೆ ಬಾಲದ ಮಾತು ಬಂದಮೇಲೆ ಬಳ್ಳಾರಿಯವನಿಗೆ ಹನುಮನ ನೆನಪು ಬಾರದಿರದು. ವೂಕಾಂಗನ ಮೂಲವು ನಮ್ಮ ಹನುಮನೇ ಎಂದು ಹೂ ಶೀ ಎಂಬ ಪಂಡಿತರೂ, ಅಲ್ಲ, ಚೀನದ ನದಿಯ ಭೂತವೊಂದೇ ಎಂದು ಲೂ ಶುನ್ ಎಂಬ ಸಾಹಿತಿಗಳೂ ವಾದಿಸಿದರು; ಆ ವಿವಾದದಲ್ಲಿ ನನಗೆ ಆಸಕ್ತಿ ಅಲ್ಪ. ವೂಕಾಂಗನ ಕಥೆಯಿರುವ ಚೀನೀ ಕಾದಂಬರಿ 'ಪಶ್ಚಿಮಯಾತ್ರೆ'ಯ ಕಥಾನಾಯಕನಾದ ಯತಿ ಹ್ಯೂಯೆನ್ ತ್ಸಾಂಗನು ನಿಜಜೀವನದಲ್ಲಿ ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಬಂದು ಅವನ ಪರಾಕ್ರಮವನ್ನು ಬರೆದಿಟ್ಟು ಹೋದನೆಂಬುದಷ್ಟೇ ಕನ್ನಡಿಗನಿಗೆ ಸಾಕು. ನನ್ನ ಆಸಕ್ತಿಯಿರುವುದು ಕಪಿಯನ್ನು ಪರದೆಯ ಮೇಲೆ ಚಲಿಸುವಂತೆ ಮಾಡುವ ವಿದ್ಯೆಯಲ್ಲಿ. ಆ ವಿದ್ಯೆಯು ಶಾಂಘೈಗೆ ಹೋಗಿ ಕಲಿಯಬೇಕಾದುದಲ್ಲ, ಅಂಜನಾದ್ರಿಯ ಆಸುಪಾಸಿನ ನಮ್ಮ ಸೀಮೆಯಲ್ಲಿಯೇ ತೊಗಲುಗೊಂಬೆಯಾಟವೆಂಬ ಹೆಸರಿನಿಂದ ಬಾಳಿಕೊಂಡು ಬಂದಿದೆ.

ಆಡಿನ ತೊಗಲನ್ನು ಹೆರೆದು, ಬೆಳಕು ಹಾಯುವಷ್ಟು ತೆಳುವಾಗಿಸಿ, ಒಡವೆಯಿರುವಲ್ಲೆಲ್ಲ ಉಳಿಯಿಂದ ರಂಧ್ರಗಳನ್ನು ಕೊರೆದು, ಬಣ್ಣ ತುಂಬಿ, ನಡುವೆ ಬಿದಿರಿನ ಸೀಳನ್ನು ಕಟ್ಟಿದರೆ ಗೊಂಬೆ ಸಿದ್ಧ. ಈ ಆಟವನ್ನು ಆಡಿಸುವ ಶಿಳ್ಳೇಕ್ಯಾತರ ಗೊಂಬೆಗಳಲ್ಲಿ ರಾಜರೂ ದೇವತೆಗಳೂ ದೊಡ್ಡವರು, ಸಾಮಾನ್ಯರು ಚಿಕ್ಕವರು. ದೂರಸಾಮೀಪ್ಯದ ಲೆಕ್ಕಕ್ಕೆ ಅಲ್ಲಿ ಸ್ಥಾನವಿಲ್ಲ, ಗೌರವದ ಲೆಕ್ಕವೇ ಪ್ರಧಾನ. ಒಂದೇ ಪಾತ್ರಕ್ಕೆ ಒಂದೇ ಗೊಂಬೆಯೆಂಬ ನಿಯಮವೂ ಇಲ್ಲ. ಪ್ರಸಂಗವು ಬದಲಾದರೆ, ರಸವು ಬದಲಾದರೆ, ಗೊಂಬೆಯೂ ಬದಲಾಗಬಹುದು. ಲಂಕೆಗೆ ಹಾರುವ ಹನುಮನು ಬೇರೆ, ಸೀತೆಯೆದುರು ಕಿರಿದಾಗಿ ಕುಳಿತವನು ಬೇರೆ. ಆಡಿಸುವವನು ಒಂದನ್ನು ಸರ್ರನೆ ಸೆಳೆದು ಇನ್ನೊಂದನ್ನು ಪರದೆಗೆ ಒತ್ತಿದನೆಂದರೆ ರೂಪಾಂತರವು ಮುಗಿಯಿತು. ಗೊಂಬೆಯನ್ನು ಪರದೆಯಿಂದ ದೂರ ಸರಿಸಿದನೆಂದರೆ ಅದು ಮಸುಕಾಗಿ ಆಕಾಶವನ್ನು ಸೇರಿತು. ಸಿನಿಮಾ ಜನಿಸುವುದಕ್ಕೆ ಬಹುಪೂರ್ವದಲ್ಲಿಯೇ ನಮ್ಮವರು ದೃಶ್ಯವನ್ನು ಕತ್ತರಿಸಿ ಜೋಡಿಸುವ ಮರ್ಮವನ್ನು ಅರಿತಿದ್ದರು. ತ್ರೀಡಿ ಪಂಥದವರು ಒಂದು ಸಂಜೆ ಇದರ ಮುಂದೆ ಕುಳಿತು, ಗೊಂಬೆಯ ಚಪ್ಪಟೆತನದಿಂದ ಕಥೆಗೆ ಎಲ್ಲಿ ಕುಂದುಂಟಾಯಿತೆಂದು ನನಗೆ ತಿಳಿಸಲಿ.

ನಮ್ಮ ಊರಿನ ಬೆಳಗಲ್ಲು ವೀರಣ್ಣನವರು ಈ ಪರದೆಯ ಮೇಲೆ ರಾಮಾಯಣದ ಜೊತೆಗೆ ಸ್ವಾತಂತ್ರ್ಯಸಂಗ್ರಾಮವನ್ನೂ ಗಾಂಧೀಜಿಯ ಚರಿತ್ರೆಯನ್ನೂ ಆಡಿಸಿ, ಸಮತಲದ ಗೊಂಬೆಗೆ ಸಮಕಾಲೀನ ಇತಿಹಾಸವನ್ನು ಹೊರುವ ಶಕ್ತಿಯುಂಟೆಂದು ತೋರಿಸಿದರು. ತೊಂಬತ್ತು ದಾಟಿದ ವಯಸ್ಸಿನಲ್ಲಿಯೂ ಕಲೆಯ ಸಂಗಡವೇ ಇದ್ದ ಆ ಹಿರಿಯರು 2023ರ ಏಪ್ರಿಲಿನಲ್ಲಿ ರಸ್ತೆಯ ಅಪಘಾತದಲ್ಲಿ ತೀರಿಕೊಂಡರು. ಈ ನಷ್ಟವು ಬಳ್ಳಾರಿಗೆ ಇನ್ನೂ ತುಂಬಿಬಂದಿಲ್ಲ. ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಿತು. ಪ್ರಶಸ್ತಿಯು ಬಂದುದು ಸಂತೋಷವೇ. ಆದರೆ ಮೇಳಗಳು ಬದುಕುವುದು ಪ್ರಶಸ್ತಿಯಿಂದಲ್ಲ, ಆಟಕ್ಕೆ ಕರೆಯುವವರಿಂದ.

ಆದುದರಿಂದ ಬ್ರೂಸ್‌ಪೇಟೆಯ ಉತ್ಸವಸಮಿತಿಗಳವರಲ್ಲಿ ನನ್ನ ವಿಜ್ಞಾಪನೆ: ಈ ಬಾರಿಯ ರಾಮನವಮಿಗೋ ಹನುಮಜ್ಜಯಂತಿಗೋ ಧ್ವನಿವರ್ಧಕದ ಆರ್ಕೆಸ್ಟ್ರಾಕ್ಕೆ ಕೊಡುವ ಹಣದಲ್ಲಿ ಒಂದು ತೊಗಲುಗೊಂಬೆ ಮೇಳವನ್ನು ಕರೆಸಿ, ಕಲಾವಿದರಿಗೆ ಪೂರ್ಣ ಸಂಭಾವನೆಯನ್ನು ಕೊಟ್ಟು, ರಾತ್ರಿಯ ಆಟವನ್ನು ಬೀದಿಯಲ್ಲಿಯೇ ಆಡಿಸಿರಿ. ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಿರಿ. ಆಟ ಮುಗಿದ ಬಳಿಕ ಅವರನ್ನು ಪರದೆಯ ಹಿಂದಕ್ಕೂ ಕರೆದೊಯ್ಯಿರಿ.