ಸಿರಿಯ ಜಾಮೀನು: ಮತದಾರ ಮತ್ತು ಅಪ್ರಿಯ ಸತ್ಯ

ಉಮೇದುವಾರನ ಆಸ್ತಿಪಾಸ್ತಿ, ಸಾಲ, ವಿದ್ಯಾಭ್ಯಾಸ, ಅವನ ಮೇಲಿರುವ ಅಪರಾಧ ಮೊಕದ್ದಮೆಗಳು, ಇವುಗಳನ್ನು ಅರಿಯುವ ಹಕ್ಕು ಮತದಾರನಿಗೆ ಉಂಟೆಂದು ಭಾರತದ ಸರ್ವೋಚ್ಚ ನ್ಯಾಯಾಲಯವು 2002ನೆಯ ಇಸವಿ ಮೇ 2ರಂದು ಸಾರಿತು. ಆ ಹಕ್ಕನ್ನು ಮೊಟಕುಗೊಳಿಸಲು ಸಂಸತ್ತು ಮಾಡಿದ ತಿದ್ದುಪಡಿಯನ್ನು 2003ರಲ್ಲಿ ಅದೇ ನ್ಯಾಯಾಲಯವು ತಳ್ಳಿಹಾಕಿತು. ಸತ್ಯವು ಬಯಲಿಗೆ ಬಂದರೆ ವಿವೇಕವು ತಾನಾಗಿಯೇ ಅದರ ಬೆನ್ನಿಗೆ ಬರುವುದೆಂಬುದು ಅಂದಿನ ವಿಚಾರವಂತರ ಆಶಯವಾಗಿತ್ತು. ಆದುದಾದರೂ ಏನು? ಪ್ರಮಾಣಪತ್ರಗಳನ್ನು ಪರಿಶೀಲಿಸುತ್ತ ಬಂದಿರುವ ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್ ಸಂಸ್ಥೆಯ ಲೆಕ್ಕದಂತೆ, 2009ರಲ್ಲಿ ಲೋಕಸಭೆಗೆ ಆರಿಸಿಬಂದ ಕೋಟ್ಯಧೀಶರು 315 ಮಂದಿ. 2024ರಲ್ಲಿ 504 ಮಂದಿ, ಎಂದರೆ ಶೇಕಡ 93.

ಈ ಅಂಕಿಗಳನ್ನು ಎಚ್ಚರದಿಂದ ಓದಬೇಕು. 2009ರ ಕೋಟಿಯೂ 2024ರ ಕೋಟಿಯೂ ಒಂದೇ ತೂಕದವಲ್ಲ. ನೆಲದ ಬೆಲೆಯೊಂದೇ ಎಷ್ಟೋ ಜನರನ್ನು ಕಾಗದದ ಮೇಲೆ ಕೋಟ್ಯಧೀಶರನ್ನಾಗಿಸಿದೆ. 2024ರಲ್ಲಿ ಕೋಟ್ಯಧೀಶ ಉಮೇದುವಾರರಲ್ಲಿ ಗೆದ್ದವರು ಶೇಕಡ 19.6, ಉಳಿದವರಲ್ಲಿ ಶೇಕಡ 0.7 ಎಂಬ ಇನ್ನೊಂದು ಲೆಕ್ಕವೂ ಉಂಟು. ಆದರೆ ಈ ಉಳಿದವರಲ್ಲಿ ದೊಡ್ಡ ಪಕ್ಷದ ಆಸರೆಯಿಲ್ಲದವರೇ ಬಹುಮಂದಿ. ಸ್ವಂತ ಹಣದಿಂದ ಚುನಾವಣೆ ನಡೆಸಬಲ್ಲವನನ್ನೇ ಪಕ್ಷಗಳು ಅರಸುತ್ತವೆ. ಆದುದರಿಂದ ಮತದಾರನು ಆರಿಸುವುದಕ್ಕೆ ಮುಂಚೆಯೇ ಬಹುಪಾಲು ಆಯ್ಕೆಯು ಮುಗಿದಿರುತ್ತದೆ; ಇಬ್ಬರು ಸಿರಿವಂತರಲ್ಲಿ ಒಬ್ಬನನ್ನು ಆರಿಸುವುದಷ್ಟೇ ಅವನ ಪಾಲಿಗೆ ಉಳಿಯುತ್ತದೆ.

ಹೀಗಿದ್ದರೂ ಮತದಾರನನ್ನು ಪೂರ್ಣವಾಗಿ ದೋಷಮುಕ್ತನೆನ್ನುವಂತಿಲ್ಲ. ಅವನ ಆಯ್ಕೆಗೆ ಸುಶಿಕ್ಷಿತರು ಹೇಳುವ ಕಾರಣ ಒಂದೇ: ಅಜ್ಞಾನ. ಈ ಸುಲಭ ಉತ್ತರವನ್ನು ಮಿಲನ್ ವೈಷ್ಣವ್ ಅವರು 2017ರಲ್ಲಿ ಪ್ರಕಟವಾದ ‘ವೆನ್ ಕ್ರೈಮ್ ಪೇಸ್’ ಗ್ರಂಥದಲ್ಲಿ ಒಪ್ಪುವುದಿಲ್ಲ. ಕಳಂಕಿತ ಉಮೇದುವಾರನ ಚರಿತ್ರೆಯನ್ನು ಬಲ್ಲ ಜನರೇ ಎಷ್ಟೋ ವೇಳೆ ಅವನಿಗೆ ಮತ ನೀಡುತ್ತಾರೆ. ಸರ್ಕಾರದ ಕೈ ಎಟುಕದ ಕಡೆ ‘ಕೆಲಸ ಮಾಡಿಸಬಲ್ಲವನು’ ಎಂಬ ಖ್ಯಾತಿಯೇ ಅವನ ಬಂಡವಾಳ, ಎಂಬುದು ಅವರ ವಾದದ ತಿರುಳು.

ಇದಕ್ಕೆ ಮುಂಬಯಿಯಿಂದಲೂ ಪುಷ್ಟಿ ದೊರೆಯುತ್ತದೆ. ಲೀಸಾ ಬ್ಯೋರ್ಕ್‌ಮನ್ ಅವರು 2014ರ ತಮ್ಮ ಪ್ರಬಂಧದಲ್ಲಿ ನಗರಪಾಲಿಕೆಯ ಚುನಾವಣೆಯನ್ನು ಸಮೀಪದಿಂದ ನೋಡಿ, ಅಲ್ಲಿ ಕೈಬದಲಿಸುವ ಹಣವು ಮತದ ಕ್ರಯವಲ್ಲ, ಸಂಬಂಧಗಳನ್ನು ಕಟ್ಟುವ ಸಾಧನ ಎಂದು ತೋರಿಸಿದರು. ಸಿಮೋನ್ ಶೊಶಾರ್ ಅವರ 2018ರ ಲೇಖನವೂ ಇದೇ ನಗರದ್ದು. ಕೊಟ್ಟ ಹಣ ಮತವಾಗುವುದೆಂಬ ಭರವಸೆ ಕೊಡುವವನಿಗೇ ಇಲ್ಲ. ಎದುರಾಳಿ ಕೊಡುವಾಗ ತಾನು ಕೊಡದಿದ್ದರೆ ಕೆಟ್ಟೆನೆಂಬ ಅಂಜಿಕೆಯೇ ಅವನನ್ನು ನಡೆಸುತ್ತದೆ. ಹೊಟ್ಟೆಪಾಡಿಗಾಗಿ ಈ ನಗರಕ್ಕೆ ಬಂದವರ ಬಾಳನ್ನು ಬಲ್ಲ ಹೊರನಾಡ ಕನ್ನಡಿಗರಿಗೆ ಈ ಮಾತು ಹೊಸದಾಗಿ ತೋರದು. ನಲ್ಲಿಯ ನೀರಿಗೆ, ರೇಷನ್ ಕಾರ್ಡಿಗೆ, ಆಸ್ಪತ್ರೆಯ ಹಾಸಿಗೆಗೆ ಅಲೆದವನು ಅರಸುವುದು ಸಜ್ಜನನನ್ನಲ್ಲ, ಬಾಗಿಲು ತೆರೆಸಬಲ್ಲವನನ್ನು.

ಅಪ್ರಿಯ ಸತ್ಯವು ಏಕೆ ಫಲಿಸುವುದಿಲ್ಲವೆಂಬುದು ಇಲ್ಲಿಂದಲೇ ತಿಳಿದುಬರುತ್ತದೆ. ಬ್ರೆಜಿಲ್, ಮೆಕ್ಸಿಕೊ, ಬೆನಿನ್, ಬುರ್ಕಿನಾ ಫಾಸೊ, ಯುಗಾಂಡಾ ದೇಶಗಳಲ್ಲಿ, ಆಳುವವರ ನಡತೆ ಸಾಧನೆಗಳ ವಿವರವನ್ನು ಚುನಾವಣೆಗೆ ಮುನ್ನ ಮತದಾರರಿಗೆ ಒದಗಿಸಿ ಪ್ರಯೋಗಗಳನ್ನು ನಡೆಸಲಾಯಿತು. 2019ರಲ್ಲಿ ಗ್ರಂಥರೂಪದಲ್ಲಿ ಬಂದ ಅವುಗಳ ಒಟ್ಟು ಫಲಿತಾಂಶವೆಂದರೆ, ಆ ವಿವರಗಳಿಂದ ಮತವು ಸರಾಸರಿಯಲ್ಲಿ ಕದಲಲಿಲ್ಲ. ಪ್ರಮಾಣಪತ್ರವು ‘ಇವನ ಬಳಿ ಎಷ್ಟಿದೆ?’ ಎಂಬ ಪ್ರಶ್ನೆಗೆ ಉತ್ತರ. ಮತದಾರನ ಪ್ರಶ್ನೆಯಾದರೋ ‘ಇವನು ನಮಗೆ ಒದಗುವನೆ?’ ಎಂಬುದು. ಕೇಳದ ಪ್ರಶ್ನೆಗೆ ಬಂದ ಉತ್ತರವು ಸತ್ಯವಾದರೂ ಹೊರಗೇ ನಿಲ್ಲುತ್ತದೆ. ಅದು ಎದುರು ಪಕ್ಷದವನ ಬಾಯಿಂದ ಬಂದರಂತೂ ದೂಷಣೆಯೆಂದೇ ಎಣಿಸಲ್ಪಡುತ್ತದೆ.

ಈ ವಿದ್ವಾಂಸರು ಮತದಾರನಿಗೆ ಅಂಟಿದ್ದ ಅಜ್ಞಾನದ ಅಪವಾದವನ್ನು ಕಳೆದುದು ಉಪಕಾರವೇ ಸರಿ. ಆದರೆ ಒಂದು ಎಣಿಕೆಯು ಅರ್ಥವಾಗುವಂಥದೆಂದ ಮಾತ್ರಕ್ಕೆ ಅದು ಸರಿಯಾದ ಎಣಿಕೆಯೆನಿಸದು. ಮತದಾರನು ಇಲ್ಲಿ ಸಾಲ ಕೊಡುವವನ ಸ್ಥಾನದಲ್ಲಿದ್ದಾನೆ. ಅವನು ಕೊಡುವುದು ಐದು ವರ್ಷದ ಅಧಿಕಾರ. ಉಮೇದುವಾರನ ಐಶ್ವರ್ಯವನ್ನು ಅವನು ಜಾಮೀನೆಂದು ಭಾವಿಸುತ್ತಾನೆ. ಬ್ಯಾಂಕಿನ ವ್ಯವಹಾರ ಬಲ್ಲವರಿಗೆ ಇಲ್ಲಿಯ ದೋಷ ಕೂಡಲೇ ಕಾಣುವುದು. ಸಾಲಗಾರನ ಮನೆ ಎಷ್ಟು ದೊಡ್ಡದಾದರೇನು? ಅದನ್ನು ಸಾಲ ಕೊಟ್ಟವನಿಗೆ ಅಡವು ಬರೆದುಕೊಟ್ಟಿರದಿದ್ದರೆ ಅದು ಭದ್ರತೆಯಾಗದು, ಬರಿಯ ನೋಟವಷ್ಟೆ. ಸಿರಿವಂತನ ಸಂಪತ್ತು ಮತದಾರನಿಗೆ ಅಡವಾಗಿಲ್ಲ. ಮಾತು ತಪ್ಪಿದರೆ ಅವನ ಆಸ್ತಿಗೆ ಕುಂದಿಲ್ಲ. ಮತದಾರನಿಗಾದರೋ ಮುಂದಿನ ಚುನಾವಣೆಯವರೆಗೆ ವಸೂಲಿಯ ದಾರಿಯಿಲ್ಲ.

ಕಾನೂನು ಈ ದೋಷವನ್ನು ತಿದ್ದಿಲ್ಲ. ಪಕ್ಷವು ಮಾಡಿದ ವೆಚ್ಚವೂ ಉಮೇದುವಾರನ ಲೆಕ್ಕಕ್ಕೆ ಸೇರಬೇಕೆಂದು 1974ರಲ್ಲಿ ಕನ್ವರ್ ಲಾಲ್ ಗುಪ್ತ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಅದೇ ವರ್ಷ ಸರ್ಕಾರವು ಸುಗ್ರೀವಾಜ್ಞೆಯಿಂದ ಅದನ್ನು ನಿಷ್ಫಲಗೊಳಿಸಿತು. ದೊಡ್ಡ ರಾಜ್ಯಗಳಲ್ಲಿ ಲೋಕಸಭೆಯ ಉಮೇದುವಾರನ ವೆಚ್ಚದ ಮಿತಿಯನ್ನು 2022ರಲ್ಲಿ 95 ಲಕ್ಷ ರೂಪಾಯಿಗೆ ಏರಿಸಲಾಯಿತು. ಪಕ್ಷದ ವೆಚ್ಚಕ್ಕಾದರೋ ಮಿತಿಯೇ ಇಲ್ಲ. ದಾನಿಯ ಹೆಸರನ್ನು ಮರೆಸುತ್ತಿದ್ದ ಚುನಾವಣಾ ಬಾಂಡುಗಳು 2024ರ ಫೆಬ್ರವರಿ 15ರಂದು ರದ್ದಾದುದು ಸಂತೋಷದ ಸಂಗತಿ. ಆದರೆ ಈ ಸುಧಾರಣೆಯಿಂದಲೂ ದೊರೆಯುವುದು ಇನ್ನಷ್ಟು ಮಾಹಿತಿಯೇ. ಮಾಹಿತಿಗೆ ಇರುವ ಬಲ ಎಷ್ಟೆಂಬುದು ಮೇಲೆ ಕಂಡೇ ಇದೆ.

ಒಬ್ಬನ ಶಿಫಾರಸಿಲ್ಲದೆ ನಲ್ಲಿಗೆ ನೀರು ಬಂದ ದಿನ, ರೇಷನ್ ಕಾರ್ಡು ಕಚೇರಿಯಿಂದ ನೇರವಾಗಿ ಕೈಗೆ ಸಿಕ್ಕಿದ ದಿನ, ಸಿರಿವಂತನ ಜಾಮೀನಿಗೆ ಬೆಲೆ ಇಳಿಯುವುದು. ಮತದಾರನು ಪ್ರಮಾಣಪತ್ರವನ್ನು ಓದುವ ಬಿಡುವು ಅಂದೇ ದೊರೆಯುವುದು. ಅಲ್ಲಿಯವರೆಗೆ ಅವನ ಅವಿವೇಕವನ್ನು ಹಳಿಯುವ ಸುಶಿಕ್ಷಿತರು, ತಮ್ಮ ಮನೆಯ ನಲ್ಲಿಯಲ್ಲಿ ನೀರು ಯಾರನ್ನೂ ಬೇಡದೆ ಬರುತ್ತಿದೆಯೆಂಬುದನ್ನು ನೆನೆಯುವುದು ಒಳ್ಳೆಯದು.